ಮೌನಿಕಾಳ ಚುಟುಕು ಸಾಲು

ನಮ್ಮ ಮೇಲೂರಿನ ಮನೆಯಲ್ಲಿ ಬಾಡಿಗೆಗಿರುವ ಹುಡುಗಿ ಮೌನಿಕಾ ಸೀರೆ ಅಂಗಡಿಗಳಿಗೆ ವೆಬ್ ಪೇಜ್ ಮಾಡಿಕೊಡುತ್ತಾಳೆ. ಅವಳದು ಎಲ್ಲವೂ ಚುಟುಕು. ಊಟವಾಯಿತೇ ಎಂದರೆ "ಹ್ಞೂಂ", ಮದುವೆ ಯಾವಾಗ ಎಂದರೆ "ಊಹ್ಞೂಂ". ಕಂಪ್ಯೂಟರಿನಲ್ಲೂ ಅಷ್ಟೇ: ಎರಡು ಅಕ್ಷರ, ಕಾಗೆ ಕೊಕ್ಕಿನಂಥ ಗುರುತು, ಮತ್ತೆರಡು ಅಕ್ಷರ, ಒಂದು ನಕ್ಷತ್ರ, ಪಕ್ಕಕ್ಕೆ ಹತ್ತು ಎಂದು ಬರೆದು ಗುಂಡಿ ಒತ್ತಿದರೆ, ಬಿದಿರಿನ ಚಂದ್ರಿಕೆ ತಟ್ಟೆಯಲ್ಲಿ ರೇಷ್ಮೆಹುಳು ಗೂಡು ಕಟ್ಟಿದಂತೆ ಸೀರೆ ಚಿತ್ರಗಳಿಗೆ ಹತ್ತು ಚೌಕ ಬಂದು ಕೂರುತ್ತವೆ. ಆದರೆ ಪ್ರತಿ ಸೀರೆಯ ಚಿತ್ರದ ಹಿಂದೆ ಮಾತ್ರ ಬಣ್ಣ, ಅಂಚು, ಸೆರಗು ಎಂದು ಪೇಜಿನಲ್ಲಿ ಕಾಣದ ಐದಾರು ಸಾಲು ಬರೆಯುತ್ತಾಳೆ. "ಯಾರಿಗೂ ಕಾಣದ್ದು ಯಾಕಮ್ಮಾ?" ಎಂದೆ. "ನಮ್ಮಪ್ಪಂಗೆ ಕಣ್ಣು ಹೋಗೈತಜ್ಜಿ. ಇದನ್ನ ಫೋನು ಓದಿ ಹೇಳ್ತದೆ. ನನ್ನ ಕೆಲಸ ಅವರಿಗೂ ಗೊತ್ತಾಗಬೇಕಲ್ಲ" ಎಂದಳು. ಮೊನ್ನೆ ಅವಳ ಅಪ್ಪನ ಫೋನು ಬಂತು, ನನಗೂ ಕೇಳಿಸಿತು: "ಆ ನವಿಲು ಬಣ್ಣದ ಸೀರೆ ಭಲೇ ಚೆಂದೈತೆ ಕಣಮ್ಮಾ, ನಿಮ್ಮಮ್ಮಂಗೆ ಒಂದು ತೆಗೆದಿಡು."