ಕೊನೆಯ ತೂತು

ಬೀದಿಯವರೆಲ್ಲ ಅವನನ್ನು ದಬ್ಬಣ ಎಂದೇ ಕರೆಯುತ್ತಿದ್ದರು. ಆಳೂ ಹಾಗೇ ಇದ್ದ: ಸಣಕಲು ಮೈ, ನೆಟ್ಟನೆಯ ಬೆನ್ನು, ಬಾಯಿ ಬಿಟ್ಟರೆ ಚುಚ್ಚುಮಾತು. ಮುಂದೆ ಬೂಟು ಹೊಲಿಯುವ ಅಂಗಡಿ, ಹಿಂದೆ ಮಲಗುವ ಕೋಣೆ, ನಡುವೆ ಒಂದು ಪರದೆ, ಇಷ್ಟೇ ಅವನ ಸಂಸಾರ. ಮೂವತ್ತು ವರ್ಷ ಊರವರ ಕಾಲಿಗೆ ಅಟ್ಟೆ ಹಾಕಿದ ಮನುಷ್ಯ ತಾನು ಮಾತ್ರ ಬಸ್ ನಿಲ್ದಾಣದಾಚೆ ನಡೆದವನಲ್ಲ.

ನಡಿಗೆಯ ಹುಚ್ಚು ಇದ್ದದ್ದು ಅವನ ಹೆಂಡತಿಗೆ. ವರ್ಷಕ್ಕೊಮ್ಮೆ ನಡಿಗೆ ಸಂಘದವರು ಒಂದು ದೊಡ್ಡ ನಡಿಗೆ ಇಟ್ಟುಕೊಳ್ಳುತ್ತಿದ್ದರು. ಬೆಳಗಿನ ಜಾವ ಶಾಲೆಯ ಮೈದಾನದಿಂದ ಹೊರಟು, ಹೊಲ, ಕಾಲುವೆ, ಗುಡ್ಡ ದಾಟಿ, ಆಮೇಲೆ ಕಡಲ ಅಂಚು ಹಿಡಿದು ದೀಪಸ್ತಂಭದವರೆಗೆ ನಲವತ್ತು ಕಿಲೋಮೀಟರು. ಪ್ರತಿಯೊಬ್ಬರಿಗೂ ಒಂದು ದಪ್ಪ ಕಾರ್ಡು. ದಾರಿಯ ಐದು ಕಟ್ಟೆಗಳಲ್ಲಿ ಅದಕ್ಕೆ ಐದು ಆಕಾರದ ತೂತು: ನಕ್ಷತ್ರ, ಎಲೆ, ಚೌಕ, ಚಂದ್ರ, ಕೊನೆಗೆ ದೀಪಸ್ತಂಭದ ಬುಡದಲ್ಲಿ ದುಂಡನೆಯದು. ಅದು ಸಂಜೆ ಐದರೊಳಗೆ ಬೀಳಬೇಕು. ಹನ್ನೆರಡು ವರ್ಷದ ಕಾರ್ಡು ತುಂಬಿಸಿದವರ ಹೆಸರನ್ನು ಅಲ್ಲಿನ ಗೋಡೆಯ ಹಲಗೆಯಲ್ಲಿ ಬಣ್ಣದಿಂದ ಬರೆಯುತ್ತಿದ್ದರು. ಅವಳದು ಹನ್ನೊಂದು ಆಗಿತ್ತು. ಹನ್ನೊಂದನ್ನೂ ಮೇಣ ಹಚ್ಚಿದ ದಾರಕ್ಕೆ ಪೋಣಿಸಿ ಮಂಚದ ತಲೆದೆಸೆಗೆ ತೂಗುಹಾಕಿದ್ದಳು.

"ಇಡೀ ದಿನ ನಡೆದು ಕೊನೆಗೆ ಸಿಗೋದು ಒಂದು ತೂತು. ಕೊಡೇ ಇಲ್ಲಿ, ನಾನೇ ಕೂತಲ್ಲೇ ಹೊಡೆದುಕೊಡ್ತೀನಿ," ಎಂದು ಅವನು ಪ್ರತಿವರ್ಷ ಕಾಲೆಳೆಯುತ್ತಿದ್ದ.

"ಮೊದಲು ನಿಮ್ಮ ಪಂಚಿನ ಹಲ್ಲು ಮಸೆಸಿ, ಆಮೇಲೆ ಮಾತಾಡಿ," ಎಂದು ಅವಳೂ ಬಿಡುತ್ತಿರಲಿಲ್ಲ.

ಅವಳು ಹೇಳುತ್ತಿದ್ದದ್ದು ಸರಿಯೇ. ಬೆಲ್ಟಿಗೆ ತೂತು ಹೊಡೆಯುವ ಇಕ್ಕಳದಂಥ ಪಂಚು ಅವನದು, ಬಾಯಿಯ ಅಂಚು ಒಂದು ಕಡೆ ಮುಕ್ಕಾಗಿತ್ತು. ಹೊಡೆದ ಪ್ರತಿ ತೂತಿನಲ್ಲೂ ಅಕ್ಕಿಕಾಳಿನ ತುದಿಯಷ್ಟು ಚೂರು ಅಂಟಿಕೊಂಡೇ ಉಳಿಯುತ್ತಿತ್ತು. ಅವಳು ಪಕ್ಕದಲ್ಲಿ ಕೂತು ಉಗುರಿನಿಂದ ಅದನ್ನು ಕೆರೆದು ತೆಗೆಯಬೇಕು. "ಇವತ್ತು ಮಸೆಸ್ತೀನಿ, ನಾಳೆ ಮಸೆಸ್ತೀನಿ" ಎಂದು ಅವನು ಹತ್ತು ವರ್ಷ ತಳ್ಳಿದ್ದ. ಗಂಡಸರ ಜಾತಿಯೇ ಅಷ್ಟು ಬಿಡಿ.

ಎಂಟು ತಿಂಗಳ ಹಿಂದೆ ಅವಳಿಗೆ ಪಾರ್ಶ್ವವಾಯು ಹೊಡೆಯಿತು. ಬಲಗೈ ಬಲಗಾಲು ಹೋದವು. ಮಾತೂ ಹೋಯಿತು, ಉಳಿದದ್ದು ಒಂದೇ ಒಂದು: "ಆಯ್ತು." ನೀರು ಬೇಕೆಂದರೂ ಆಯ್ತು, ಸಾಕೆಂದರೂ ಆಯ್ತು, ಬೆನ್ನು ನೋಯುತ್ತಿದೆ ಎಂದರೂ ಆಯ್ತು, ತೊಲಗಿ ಎಂದರೂ ಆಯ್ತು. ಯಾವ ಆಯ್ತಿಗೆ ಏನರ್ಥ ಎಂದು ಅವನು ರಾಗದಲ್ಲೇ ಕಂಡುಹಿಡಿಯುವುದನ್ನು ಕಲಿತ. ಮಾತು ಕಲಿಸಲು ಬರುತ್ತಿದ್ದ ಹೆಂಗಸು, "ಇನ್ನೊಂದೇ ಒಂದು ಮಾತು ಬರ್ಲಿ, ಯಾವುದಾದ್ರೂ ಸರಿ. ಅದು ಬಂದ್ರೆ ದಾರಿ ತೆರೆದ ಹಾಗೆ," ಎಂದಿದ್ದಳು. ಡಾಕ್ಟರು ಮಾತ್ರ ಅವನನ್ನು ಬಾಗಿಲಾಚೆ ಕರೆದು, "ಮುಂದಿನ ವರ್ಷ ಅಂತೆಲ್ಲ ಲೆಕ್ಕ ಇಟ್ಕೋಬೇಡಿ," ಎಂದಿದ್ದರು.

ಹೀಗಿರುವಾಗ ನಡಿಗೆ ಸಂಘದ ಕಾರ್ಯದರ್ಶಿ ಬೂಟು ರಿಪೇರಿಗೆ ಬಂದರು. ಪರದೆಯತ್ತ ನೋಡಿ ದನಿ ತಗ್ಗಿಸಿ, "ಮನೆಯವರು ಯಾರಾದ್ರೂ ಅವರ ಕಾರ್ಡು ಹಿಡಿದು ನಡೆದ್ರೆ ನಾವು ಒಪ್ಕೋತೀವಿ. ಆದ್ರೆ ಐದು ಗಂಟೆ ಅಂದ್ರೆ ಐದೇ," ಎಂದರು.

ದಬ್ಬಣ ಒಳಗೆ ಹೋಗಿ ಮಂಚದ ಅಂಚಿಗೆ ಕೂತ. "ಏ, ನಾನು ನಡೀಲೇನೇ? ನಿನ್ನ ಹೆಸರು ಹಲಗೆಗೆ ಬರುತ್ತಂತೆ."

"ಆಯ್ತು," ಎಂದಳು ಅವಳು. ಎಡಗೈಯಲ್ಲಿ ಅವನ ಮಣಿಕಟ್ಟು ಹಿಡಿದವಳು ಅರ್ಧ ಗಂಟೆ ಬಿಡಲಿಲ್ಲ. ನೀರು, ಊಟ ಬಿಟ್ಟರೆ ಎಂಟು ತಿಂಗಳಲ್ಲಿ ಅವಳು ಏನನ್ನಾದರೂ ಬೇಕು ಎಂದು ಕೇಳಿದ್ದು ಅದೊಂದೇ.

ಹೆಂಡತಿಯ ತಂಗಿಯನ್ನು ಮನೆಯಲ್ಲಿ ಕೂರಿಸಿ ಅವನು ಹೊರಟ. ದಬ್ಬಣವೂ ದಾರದ ಉಂಡೆಯೂ ಜೇಬಿನಲ್ಲಿದ್ದವು. ಅವಿಲ್ಲದೆ ಹೊರಬಿದ್ದರೆ ಅಂಗಿಯಿಲ್ಲದೆ ಬಂದಂತಾಗುತ್ತಿತ್ತು ಅವನಿಗೆ. ಹೊಲದ ಬದುವಿನಲ್ಲಿ ನಕ್ಷತ್ರ ಬಿತ್ತು, ಕಾಲುವೆಯ ಸೇತುವೆಯಲ್ಲಿ ಎಲೆ. ಗುಡ್ಡ ಹತ್ತಿ ಚೌಕ ಹೊಡೆಸಿಕೊಳ್ಳುವಷ್ಟರಲ್ಲಿ ಜೀವ ಬಾಯಿಗೆ ಬಂತು. ಹಿಮ್ಮಡಿಯಲ್ಲಿ ಎದ್ದ ಗುಳ್ಳೆ ಒಡೆಯಿತು, ಪಕ್ಕದಲ್ಲಿ ಇನ್ನೊಂದು ಎದ್ದಿತು. ಊರಿಗೆಲ್ಲ ಗುಳ್ಳೆ ಏಳದಂತೆ ಬೂಟು ಹೊಲಿದುಕೊಟ್ಟವನ ಪಾಡು ನೋಡಿ! ಆದರೂ ಮೂರು ಗಂಟೆಗೆ ಕಡಲ ಅಂಚಿನಲ್ಲಿ ಚಂದ್ರನ ತೂತೂ ಬಿತ್ತು. ಇನ್ನು ಐದು ಕಿಲೋಮೀಟರು, ಕೈಯಲ್ಲಿ ಎರಡು ಗಂಟೆ. ಕುಂಟಿಕೊಂಡು ಹೋದರೂ ಮುಟ್ಟುತ್ತೇನೆ ಎಂದು ಅವನಿಗೆ ಧೈರ್ಯ ಬಂತು.

ಅಲ್ಲೇ ಬಂಡೆಯ ಮೇಲೆ ಬ್ಯಾಂಕಿನ ಗುಮಾಸ್ತ ಕಾಲು ಚಾಚಿ ಕೂತಿದ್ದ. ಬೂಟಿನ ಅಟ್ಟೆ ಮುಂಭಾಗದಲ್ಲಿ ಬಾಯಿ ತೆರೆದು ಜೋತಾಡುತ್ತಿತ್ತು.

"ನೀವು ಹೋಗಿ ಯಜಮಾನ್ರೇ. ನಾನು ಏನಾದ್ರೂ ಸುತ್ತಿ ಕಟ್ಕೊಂಡು ಬರ್ತೀನಿ," ಎಂದ ಪಾಪದವನು.

ಹೋಗಬೇಕಿತ್ತು. ಹೋಗಿಬಿಡಬೇಕಿತ್ತು! ಆದರೆ ದಬ್ಬಣ ಬಗ್ಗಿ ನೋಡಿದ. ಅದು ತನ್ನದೇ ಹೊಲಿಗೆ. ಹೆಂಡತಿ ಹಾಸಿಗೆ ಹಿಡಿದ ವಾರ ಮಾಡಿಕೊಟ್ಟ ಕೆಲಸ. ಯಾವತ್ತೂ ಜೋಡಿ ದಾರ ಹಾಕುವವನು ಅವತ್ತು ಗಡಿಬಿಡಿಯಲ್ಲಿ ಒಂಟಿ ದಾರ ಹಾಕಿದ್ದ. ಅವನ ಕಿವಿ ಬಿಸಿಯಾಯಿತು.

"ಬಿಚ್ಚಿ," ಎಂದ. "ಐದು ನಿಮಿಷದ ಕೆಲಸ."

ಐದು ನಿಮಿಷವಂತೆ! ಒದ್ದೆ ಚರ್ಮ, ಬಂಡೆಯ ಮೇಲೆ ಕೂತು ತೊಡೆಯೇ ಮಣೆ. ಹಳೆ ದಾರ ಕಿತ್ತು ಜೋಡಿ ದಾರ ಎಳೆದು ಗಂಟು ಬಿಗಿಯುವಷ್ಟರಲ್ಲಿ ಮುಕ್ಕಾಲು ಗಂಟೆ ಹೋಗಿತ್ತು. ಗುಮಾಸ್ತ ಕೈಮುಗಿದು ದಡದಡ ಹೆಜ್ಜೆ ಹಾಕಿದ. ದಬ್ಬಣ ಏಳಲು ಹೋದರೆ ಮಂಡಿ ಕಚ್ಚಿಕೊಂಡಿತ್ತು. ಆಮೇಲಿನ ದಾರಿಯನ್ನು ಅವನು ನಡೆದನೆನ್ನುವುದಕ್ಕಿಂತ ಮೈಯನ್ನು ಎಳೆದುಕೊಂಡು ಹೋದ ಎನ್ನಬೇಕು. "ಇನ್ನೊಂಚೂರು, ಇನ್ನೊಂಚೂರು ಕಣೇ" ಎಂದು ಬಾಯಲ್ಲಿ ಹೇಳಿಕೊಳ್ಳುತ್ತಲೇ ಇದ್ದ.

ಅವನು ಹೊಲಿದ ಬೂಟು ಐದಕ್ಕೆ ಮೊದಲೇ ದೀಪಸ್ತಂಭ ಮುಟ್ಟಿತ್ತು. ಅವನು ಮುಟ್ಟಿದಾಗ ಐದು ಹೊಡೆದು ಹನ್ನೊಂದು ನಿಮಿಷ. ಮೇಜಿನ ಬಟ್ಟೆ ಮಡಿಸುತ್ತಿದ್ದ ಹೆಂಗಸು ಅವನ ಕಾಲು ನೋಡಿ ಅಯ್ಯೋ ಎಂದಳು.

"ಪಂಚು ಪೆಟ್ಟಿಗೆ ಸೇರಿ ಗಾಡಿಯಲ್ಲಿ ಹೋಯ್ತಪ್ಪಾ. ಪಟ್ಟಿಗೂ ಸಹಿ ಆಯ್ತು. ನಂಗೂ ಹೊಟ್ಟೆ ಉರೀತದೆ, ಏನ್ ಮಾಡ್ಲಿ? ಮುಂದಿನ ವರ್ಷ ಬನ್ನಿ."

ಅವನು ಅಲ್ಲಿಂದ ಬಸ್ಸು ಹತ್ತಿದ. ನಲವತ್ತು ಕಿಲೋಮೀಟರೂ ನಡೆದಾಗಿತ್ತು, ಒಂದು ಹೆಜ್ಜೆಯೂ ಬಾಕಿಯಿರಲಿಲ್ಲ. ಹಲಗೆಗೆ ಹೆಸರು ಬರಲಿಲ್ಲ ಸರಿ, ಹಲಗೆಯನ್ನು ಅವಳು ನೋಡಲು ಹೋಗುವುದುಂಟೇ? ಕಾರ್ಡು ತುಂಬಿದೆ ಎಂದು ಅವಳಿಗೆ ಅನ್ನಿಸಿದರೆ ಸಾಕು. ಕೊನೆಯ ತೂತು ದುಂಡನೆಯದು, ತನ್ನ ಪಂಚೂ ದುಂಡನೆಯದೇ. ಅಂಗಡಿಗೆ ಬಂದವನೇ ಸದ್ದು ಕೇಳದಂತೆ ಪಂಚಿಗೆ ಬಟ್ಟೆ ಸುತ್ತಿ ಒತ್ತಿದ.

ಪರದೆ ಸರಿಸಿ ಒಳಗೆ ಹೋದ. "ಆಯ್ತು ಕಣೇ. ಹನ್ನೆರಡೂ ಆಯ್ತು," ಎಂದು ಕಾರ್ಡನ್ನು ಅವಳ ಎಡಗೈಗಿಟ್ಟ.

ಅವಳ ಬೆರಳು ನಕ್ಷತ್ರ ಮುಟ್ಟಿತು, ಎಲೆ ಮುಟ್ಟಿತು, ಚೌಕ, ಚಂದ್ರ. ಮುಖದ ಒಂದು ಪಕ್ಕ ಅರಳಿತು. ಆ ಮುಖ ನೋಡಿ ಅವನಿಗೂ ಒಂದು ಕ್ಷಣ ಹಿಗ್ಗಾಯಿತು. ಬೆರಳು ಕೊನೆಯ ತೂತಿಗೆ ಬಂದು ಒಂದು ಸುತ್ತು ಸುತ್ತಿ ನಿಂತಿತು. ಉಗುರು ತಾನಾಗಿಯೇ ಅಂಚನ್ನು ಕೆರೆಯಿತು, ಒಂದು ಸಲ, ಎರಡು ಸಲ. ಸಣ್ಣ ಚೂರೊಂದು ಉಗುರಿಗೆ ಅಂಟಿಕೊಂಡು ಬಂತು. ಅವಳು ಅದನ್ನು ನೋಡಿದಳು, ಆಮೇಲೆ ಅವನನ್ನು. ಬಾಯಿ ಸೊಟ್ಟಗಾಗಿ ಗಂಟಲು ಏನನ್ನೋ ಎತ್ತಲು ಹೆಣಗಿತು.

"ಸು... ಸುಳ್ಳು."

ತಂಗಿ ಕೂತಲ್ಲಿಂದ ಜಿಗಿದಳು. "ಅಕ್ಕ ಮಾತಾಡಿದ್ಳು! ಬೇರೆ ಮಾತು ಬಂತು! ಭಾವ, ಏನಂದ್ಳು? ನಂಗೆ ಸರಿಯಾಗಿ ಕೇಳಿಸ್ಲಿಲ್ಲ, ಏನಂದ್ಳು?"

ಅವನು ನೆಲದ ಮೇಲೆ ಕುಸಿದು ಕೂತ. "ಸುಳ್ಳು ಅಂದ್ಳು," ಎಂದ.

ಆಮೇಲೆ ಎಲ್ಲ ಹೇಳಿದ, ಬಂಡೆ, ಒಂಟಿ ದಾರ, ಹನ್ನೊಂದು ನಿಮಿಷ, ಒಂದೂ ಬಿಡದೆ. ಅವಳು ಕೊನೆಯವರೆಗೂ ಕೇಳಿಸಿಕೊಂಡಳು. "ಆಯ್ತು," ಎಂದು ಮುಖವನ್ನು ಗೋಡೆಗೆ ತಿರುಗಿಸಿದಳು. ಬದುಕಿದ್ದ ಇನ್ನೆರಡು ತಿಂಗಳಲ್ಲಿ ಅದೊಂದು ಬಿಟ್ಟರೆ ಬೇರೆ ಮಾತು ಅವಳ ಬಾಯಿಂದ ಬರಲಿಲ್ಲ.

ನಡಿಗೆಯ ಮರುದಿನ ಬೆಳಗ್ಗೆ ಅವನು ಮೊದಲ ಕೆಲಸವಾಗಿ ಪಂಚಿನ ಹಲ್ಲು ಮಸೆಸಿಕೊಂಡು ಬಂದ. ಅರ್ಧ ಗಂಟೆಯಲ್ಲಿ ಮುಗಿದುಹೋಯಿತು.