ಗಣಿಯ ಬಾಯಲ್ಲಿ ಪುಳಿಯೋಗರೆ

ನಾವಿರುವ ಸೆಂಟರ್‌ವಿಲ್‌ನಲ್ಲಿ ನಮ್ಮ ಎದುರುಮನೆಯಾಕೆ ನೆವಾಡಾದ ಮರುಭೂಮಿಗೆ ಹೋಗಿಬಂದು ವಾಟ್ಸಾಪ್ ಗುಂಪಿಗೆ ಒಂದು ಫೋಟೊ ಹಾಕಿದಳು. ಕೆಂಪು ಬಂಡೆಗಳ ಕಣಿವೆ, ಹಳೆಯ ಗಣಿಯ ಕಪ್ಪು ಬಾಯಿ, ಅದರ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತ ಅವಳು. ಕೆಳಗೆ ಎಲ್ಲರ ಶಹಬ್ಬಾಸ್‌ಗಿರಿ. ನಾವೆಲ್ಲ ಹೋಗುವ ಲ್ಯಾನ್‌ಹ್ಯಾಮ್ ದೇವಸ್ಥಾನದ ಪಾರ್ಕಿಂಗ್‌ನಿಂದ ಬಾಗಿಲವರೆಗೆ ನಡೆದರೇ ಏದುಸಿರು ಬಿಡುವ ಹೆಂಗಸು! ನನಗೆ ಹೊಟ್ಟೆ ಉರಿದುಹೋಯಿತು.

ಮುಂದಿನ ಸ್ಪ್ರಿಂಗ್ ಬ್ರೇಕ್ ರಜೆಗೆ ಹಟ ಹಿಡಿದು ಮನೆಮಂದಿಯನ್ನೆಲ್ಲ ಅಲ್ಲಿಗೇ ಹೊರಡಿಸಿದೆ. ಹೊಸ ಬೂಟು, ಟ್ರೆಕ್ಕಿಂಗ್ ಕೋಲು ಎಲ್ಲ ಕೊಂಡೆ. ಹೋಗಿ ನೋಡಿದರೆ ದಾರಿ ಸಪಾಟು. ಮೈಸೂರಿನಿಂದ ಬಂದಿದ್ದ ನಮ್ಮತ್ತೆ ಸೀರೆಯುಟ್ಟು, ಕಾಲಿಗೆ ಸ್ನೀಕರ್ಸ್ ಹಾಕಿಕೊಂಡು ನನಗಿಂತ ಮೊದಲೇ ಗಣಿ ತಲುಪಿ, ನೆರಳಲ್ಲಿ ಕೂತು ಪುಳಿಯೋಗರೆ ಡಬ್ಬಿ ಬಿಚ್ಚಿದ್ದರು.

"ಇಷ್ಟೇನಾ? ಇದಕ್ಕೆ ಫ್ಲೈಟ್ ಹತ್ತಿ ಬರ್ಬೇಕಿತ್ತಾ?" ಎಂದರು.

ಎದುರುಮನೆಯವಳ ಬಂಡವಾಳ ಬಯಲಾಯಿತಲ್ಲ ಎಂಬ ಖುಷಿಯಲ್ಲಿ ಫೋನಿನಲ್ಲಿ ಅವಳ ಆ ಹಳೆಯ ಫೋಟೊ ತೆರೆದು ಜೂಮ್ ಮಾಡಿದೆ. ಮೂಲೆಯಲ್ಲಿ, ದೇವಸ್ಥಾನದಲ್ಲಿ ನಾನು ಎಷ್ಟೋ ಸಲ ನೋಡಿದ್ದ, ಅವಳ ಅತ್ತೆಯ ಸೀರೆಯಂಚು ಇಣುಕುತ್ತಿತ್ತು.

ನಾನು ಅಷ್ಟು ದಡ್ಡಿಯಲ್ಲ. ಸೊಂಟಕ್ಕೆ ಕೈಯಿಟ್ಟು ಫೋಟೊ ತೆಗೆಸಿಕೊಂಡು, ನಮ್ಮತ್ತೆಯನ್ನು ಡಬ್ಬಿ ಸಮೇತ ಪೂರ್ತಿ ಕ್ರಾಪ್ ಮಾಡಿ ಗುಂಪಿಗೆ ಹಾಕಿದೆ.