ಬಾಲದ ಕೂದಲಿನ ಕುಂಚ

ಕಳೆದ ವಾರ ತವರಿಗೆ ಹೋದಾಗ ಪಕ್ಕದ ಮನೆಯ ಕಾಕು ಒಂದು ಸಣ್ಣ ಕುಂಚ ತಂದು ಕೈಗಿಟ್ಟರು. ಅರಗಿನ ವಾಸನೆ ಇನ್ನೂ ಹೋಗಿರಲಿಲ್ಲ. "ನಿಮ್ಮ ಬೆಕ್ಕಿನ ಕೂದ್ಲದ್ದವಾ. ನಿಮ್ಮ ಕಾಕಾ ಹೋಗೂಮುಂದ, ಇದನ್ನ ಆಕೀಗೆ ಕೊಡು ಅಂದಿದ್ರು," ಎಂದರು. ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಅನ್ನುತ್ತಾರೆ. ನನಗಂತೂ ಮೈ ಉರಿಯಿತು.

ಕಾಕುವಿನ ಗಂಡ ಕಾಕಾ ಕಲಘಟಗಿಯಲ್ಲಿ ಕಟ್ಟಿಗೆಯ ತೊಟ್ಟಿಲಿಗೆ ಅರಗಿನ ಬಣ್ಣದ ಚಿತ್ರ ಬರೆಯುತ್ತಿದ್ದರು. ನಮ್ಮ ಬೆಕ್ಕು, ನಾನು ಚಿಕ್ಕವಳಿದ್ದಾಗ ಮುಂಬೈಯಿಂದ ಸೋದರಮಾವ ತಂದುಕೊಟ್ಟದ್ದು. ನಾರ್ವೆ ಎಂಬ ಹಿಮದ ನಾಡಿನ ಕಾಡುತಳಿ. ಅಲ್ಲಿ ರೈತರು ಕಾಳು ಕಾಯಲು, ನಾವಿಕರು ಹಡಗಿನ ಇಲಿ ಹಿಡಿಯಲು ಇದನ್ನೇ ಸಾಕುತ್ತಿದ್ದರಂತೆ. ಎರಡು ಪದರದ ಕೂದಲು. ನಮ್ಮ ಮಳೆ ಅದಕ್ಕೆ ಲೆಕ್ಕಕ್ಕೇ ಇರಲಿಲ್ಲ. ಚಳಿಗೆ ಬಾಲವೇ ಕೌದಿ, ಮುಖದ ಮೇಲೆ ಎಳೆದುಕೊಂಡು ಮಲಗುತ್ತಿತ್ತು. ಬೇವಿನ ಮರದಿಂದ ತಲೆ ಕೆಳಗಾಗಿ ಇಳಿಯುತ್ತಿತ್ತು. ತೊಡೆ ಏರುತ್ತಿರಲಿಲ್ಲ, ಪಕ್ಕಕ್ಕೆ ಬಂದು ಕೂರುತ್ತಿತ್ತು. ಪರಚುವ ಗುಣವೇ ಇಲ್ಲ. ಯಾರು ಕರೆದರೂ ನಂಬಿ ಹೋಗುತ್ತಿತ್ತು... ಅದೇ ಮುಳುವಾಯಿತು.

ಒಂದು ಬೆಳಿಗ್ಗೆ ಬೋಳು ಬಾಲ ಹೊತ್ತು ನಡುಗುತ್ತ ಬಂತು. ಕಾಕಾ ಹಾಲು ತೋರಿಸಿ ಕರೆದು, ಕಾಲು ಕಟ್ಟಿ ಕತ್ತರಿ ಹಾಕಿದ್ದರು. ಓಡಿಹೋಗಿ ಕೇಳಿದರೆ ತಲೆಯನ್ನೂ ಎತ್ತಲಿಲ್ಲ.

"ಕೃಷ್ಣನ ಹುಬ್ಬು ಬರೀಲಿಕ್ಕೆ ಸಣ್ಣ ಕುಂಚ ಬೇಕಾಗಿತ್ತು. ಕೂದ್ಲಾ ಅಲ್ಲೇನ್ಬೇ, ಮತ್ತ ಬರ್ತಾವ ತಗೋ."

ಕೂದಲು ಬಂದವು. ನಂಬಿಕೆ ಬರಲಿಲ್ಲ. ಬೆಕ್ಕು ಅಟ್ಟ ಏರಿ ಕೂತಿತು, ನನ್ನ ಕೈಗೂ ಸಿಗಲಿಲ್ಲ. ಕಡೆಗೊಂದು ದಿನ ಕಾಡಿನ ಕಡೆ ಹೋಗಿಬಿಟ್ಟಿತು. ದುಮ್ಮವಾಡದ ರಸ್ತೆಯುದ್ದಕ್ಕೂ ಕರೆಯುತ್ತ ಹೋದೆ...

ಸೇಡಿಗೆ ವರ್ಷಗಟ್ಟಲೆ ಕಾದೆ. ನನಗೆ ಮಗು ಹುಟ್ಟಿದಾಗ, ತವರಿನವರು ಕೊಡುವ ತೊಟ್ಟಿಲಿಗೆ ತಾವೇ ಚಿತ್ರ ಬರೆಯಬೇಕೆಂದು, ನಾವು ಕೇಳುವ ಮೊದಲೇ ಕಾಕಾ ಬಣ್ಣ ಕಲಸಿಟ್ಟಿದ್ದರು. ನಾನು ಅಪ್ಪನ ಹತ್ತಿರ ಹಟ ಹಿಡಿದು ಹುಬ್ಬಳ್ಳಿಯಿಂದ ಸ್ಟೀಲ್ ತೊಟ್ಟಿಲು ತರಿಸಿದೆ. ಬಾಜಾ ಹಚ್ಚಿಸಿ ಅವರ ಬಾಗಿಲ ಮುಂದೆಯೇ ಹೊರಿಸಿಕೊಂಡು ಹೋದೆ. ಕಾಕಾ ನೋಡಿದರು, ಕಟ್ಟೆಯಿಂದೆದ್ದು ಒಳಗೆ ಹೋದರು. ನನ್ನ ಹೊಟ್ಟೆ ತಣ್ಣಗಾಯಿತು. ಇವತ್ತಿಗೂ ಅದನ್ನು ನೆನೆದರೆ ಖುಷಿಯೇ, ಸುಳ್ಳು ಯಾಕೆ ಹೇಳಲಿ?

"ಇನ್ನರ ಸಿಟ್ಟು ಬಿಡವಾ," ಎಂದು ಕುಂಚ ನನ್ನ ಕೈಯಲ್ಲೇ ಬಿಟ್ಟು ಕಾಕು ಹೋದರು. ಬಿಡಲಿಲ್ಲ. ಇಷ್ಟು ವರ್ಷ ಗೋಡೆಯಾಚೆಗೇ ಇದ್ದು, ತಪ್ಪಾಯಿತು ಎಂಬ ಒಂದು ಮಾತು ಆಡದೆ, ಈಗ ಹೆಂಡತಿಯ ಕೈಯಲ್ಲಿ ಕುಂಚ ಕಳಿಸುತ್ತಾರಂತೆ! ಒಲೆಗೆ ಹಾಕಲೆಂದೇ ಅಡುಗೆಮನೆಗೆ ಹೋದೆ. ತುದಿಯ ಕೂದಲಿಗೆ ಬೆರಳು ತಾಗಿತು. ಮೆತ್ತಗಿತ್ತು. ಅಟ್ಟ ಏರಿದ ದಿನದಿಂದ ಬೆಕ್ಕು ನನಗೆ ಮುಟ್ಟಗೊಟ್ಟಿರಲಿಲ್ಲ.